ಜಡ್ಡಿಯ ಮಂಡಿಬೇರು: ಹುಡುಕುವುದು, ಓದುವುದು, ಉಳಿಸಿಕೊಳ್ಳುವುದು

ಅಮೆರಿಕದ ಸೈಪ್ರೆಸ್ ಜೌಗಿನ ಫೋಟೊವನ್ನು ಮೊಬೈಲಿನಲ್ಲಿ ಹಿಡಿದುಕೊಂಡು ನನ್ನ ನರ್ಸರಿಗೆ ಬರುವವರು ಆಗಾಗ ಇರುತ್ತಾರೆ. ಕರೀ ನೀರು, ಬುಡ ಊದಿದ ಮರ, ಸುತ್ತಲೂ ಕೆಸರಿನಿಂದ ಎದ್ದು ನಿಂತ ಮೊಂಡು ಮೊಂಡು ಮರದ ಗೂಟಗಳು. "ಈ ಗಿಡ ಸಿಗ್ತದಾ ಅಕ್ಕಾ? ನಮ್ಮ ತೋಟದ ತಲೆಗೆ ಜೌಗು ಜಾಗ ಇದೆ, ಅಲ್ಲಿಗೆ ಹಾಕುವ ಅಂತ." ಗಿಡ ಕೊಡುವ ಮೊದಲು ನಾನು ತಿರುಗಿ ಕೇಳುವುದಿಷ್ಟೇ: ನಿಮ್ಮ ಜೌಗಿನಲ್ಲಿ ಈಗಾಗಲೇ ಏನು ನಿಂತಿದೆ ಅಂತ ಒಂದು ಸಲ ಒಳಗೆ ಹೋಗಿ ನೋಡಿದ್ದೀರಾ?

ಹೆಚ್ಚಿನವರು ನೋಡಿರುವುದಿಲ್ಲ. ಶಿವಮೊಗ್ಗ ಜಿಲ್ಲೆಯ ಸಾಗರದ ಪಶ್ಚಿಮಕ್ಕೆ, ಕಾರ್ಗಲ್ ದಾಟಿ ಘಟ್ಟದ ಅಂಚಿಗೆ ಹೋದಂತೆ ಅಡಿಕೆ ತೋಟಗಳ ಮೇಲ್ಭಾಗದಲ್ಲಿ, ಸೊಪ್ಪಿನಬೆಟ್ಟದ (ತೋಟಕ್ಕೆ ಸೊಪ್ಪು ತರುವ ಕಾಡಿನ) ಕೊರಕಲಿನಲ್ಲಿ ಅಲ್ಲಲ್ಲಿ ರಾಂಪತ್ರೆ ಜಡ್ಡಿಗಳು, ಅಂದರೆ ಕಾಡು ಜಾಯಿಕಾಯಿ ಬಳಗದ ಮರಗಳಿರುವ ಜೌಗು ಕಾಡುಗಳು, ಉಳಿದಿವೆ. ಅಲ್ಲಿ ನೆಲದಿಂದ ಎದ್ದ ಬೇರುಗಳು ಆ ಫೋಟೊದಲ್ಲಿ ಇರುವುದಕ್ಕಿಂತ ಏನೂ ಕಡಿಮೆಯಿಲ್ಲ. ಸೊಪ್ಪು ತರಲು ಹೋದ ಆಳುಗಳಿಗೆ ಅವು ಕಾಲಿಗೆ ತೊಡರುವ ವಸ್ತು. ನಾನು ಈ ಕಡೆಯ ಅಡಿಕೆ ತೋಟದವಳು. ಮನೆ ಹಿಂದೆ ಕಾಡು ಜಾತಿಯ ಗಿಡಗಳ ಸಣ್ಣ ನರ್ಸರಿ ಇಟ್ಟುಕೊಂಡಿದ್ದೇನೆ. ಜಡ್ಡಿ ಇರುವವರು ಅದನ್ನು ನೋಡುವುದು ಹೇಗೆ, ನೋಡಿದ ಮೇಲೆ ಏನು ಮಾಡಬೇಕು, ಏನು ಮಾಡಲೇಬಾರದು ಅನ್ನುವುದನ್ನು ಇಲ್ಲಿ ಬರೆದಿದ್ದೇನೆ.

ಮೊದಲು ಆ ಅಮೆರಿಕದ ಮರದ ವಿಷಯ

ಅದರ ಹೆಸರು ಬಾಲ್ಡ್ ಸೈಪ್ರೆಸ್; ಸಸ್ಯಶಾಸ್ತ್ರದಲ್ಲಿ ಟ್ಯಾಕ್ಸೋಡಿಯಂ ಡಿಸ್ಟಿಕಮ್. ಅಮೆರಿಕದ ಆಗ್ನೇಯ ರಾಜ್ಯಗಳ ನದಿ ಬಯಲು ಮತ್ತು ಜೌಗುಗಳ ಮರ. ಲೂಸಿಯಾನಾ 1963ರಲ್ಲಿ ಅದನ್ನು ತನ್ನ ರಾಜ್ಯದ ಮರ ಮಾಡಿಕೊಂಡಿತು. ಸೂಜಿ ಎಲೆಯ ಜಾತಿಯಾದರೂ ಚಳಿಗಾಲಕ್ಕೆ ಪೂರ್ತಿ ಬೋಳಾಗುತ್ತದೆ. ಆಯುಸ್ಸಂತೂ ನಂಬಲು ಕಷ್ಟ: ನಾರ್ತ್ ಕೆರೊಲಿನಾದ ಬ್ಲ್ಯಾಕ್ ರಿವರ್ ಜೌಗಿನಲ್ಲಿ 2,600 ವರ್ಷ ದಾಟಿದ ಮರ ಇನ್ನೂ ಜೀವಂತವಾಗಿದೆ ಎಂದು ಕಾಂಡದ ಉಂಗುರ ಎಣಿಸಿದ ವಿಜ್ಞಾನಿಗಳು 2019ರಲ್ಲಿ ಪ್ರಕಟಿಸಿದರು.

ಅದರ ಸುತ್ತ ಎದ್ದ ಗೂಟಗಳಿಗೆ ಮಂಡಿ ಅನ್ನುತ್ತಾರೆ. ಅವು ಹುಟ್ಟುವುದು ನೆಲದಡಿ ಅಡ್ಡಕ್ಕೆ ಹರಿದ ಬೇರಿನ ಮೇಲ್ಮೈಯಿಂದ. ಬೇರಿನ ಮೇಲುಭಾಗ ಒಂದೆಡೆ ಹೆಚ್ಚು ಬೆಳೆದು ಗಂಟಾಗಿ, ಗಂಟು ವರ್ಷ ವರ್ಷ ಮೇಲಕ್ಕೇರಿ ಶಂಕುವಿನ ಆಕಾರ ಪಡೆಯುತ್ತದೆ. ಕೆಲವು ಆಳೆತ್ತರ ಬೆಳೆಯುತ್ತವೆ, ಹಳೆಯವು ಒಳಗೆ ಟೊಳ್ಳಾಗುತ್ತವೆ. ಅದರಿಂದ ಚಿಗುರು ಬರುವುದಿಲ್ಲ, ಹೊಸ ಮರ ಆಗುವುದಿಲ್ಲ. ಹಾಗಾದರೆ ಯಾಕೆ ಬೇಕು? ಈ ಪ್ರಶ್ನೆಗೆ ಇನ್ನೂರು ವರ್ಷಗಳ ಜಗಳವಿದೆ. 19ನೇ ಶತಮಾನದ ಆರಂಭದಲ್ಲಿ ಅಲ್ಲಿನ ಮರಗಳ ಬಗ್ಗೆ ಬರೆದ ಫ್ರೆಂಚ್ ಸಸ್ಯವಿಜ್ಞಾನಿ ಮಿಶೋ, ಇದಕ್ಕೆ ಯಾವ ಕಾರಣವನ್ನೂ ಹೇಳಲಾಗದು ಎಂದು ಕೈಚೆಲ್ಲಿದ. ಆಮೇಲೆ ಬಂದವರು ಉಸಿರಾಟಕ್ಕೆ ಎಂದರು, ಮೆತ್ತನೆ ನೆಲದಲ್ಲಿ ಮರ ಬೀಳದಿರಲಿಕ್ಕೆ ಎಂದರು, ಪಿಷ್ಟ ಕೂಡಿಡಲಿಕ್ಕೆ ಎಂದರು. 1952ರಲ್ಲಿ ನಡೆದ ಪ್ರಯೋಗ ಉಸಿರಾಟದ ವಾದಕ್ಕೆ ಪುಷ್ಟಿ ಕೊಡಲಿಲ್ಲ. 2015ರ ಇನ್ನೊಂದು ಅಧ್ಯಯನದಲ್ಲಿ ಮಂಡಿಗಳು ನೀರಿನಲ್ಲಿ ಮುಳುಗಿದಾಗ ಅದಕ್ಕೆ ಸೇರಿದ ಬೇರಿನೊಳಗಿನ ಆಮ್ಲಜನಕ ಇಳಿಯುವುದು ಕಂಡಿತು. ನನ್ನ ಒಲವು ಇದರ ಕಡೆಗೇ. ಯಾಕೆ ಅನ್ನುವುದು ನೀರಿನ ವಿಷಯಕ್ಕೆ ಬಂದಾಗ ಗೊತ್ತಾಗುತ್ತದೆ.

ಆ ಗಿಡ ಬೇಕೇ ಬೇಕು ಅನ್ನುವವರು ಮನೆ ಮುಂದಿನ ಕೊಳದ ಬದಿಯಲ್ಲಿ ಹಾಕಿಕೊಳ್ಳಿ, ನನ್ನದೇನೂ ತಕರಾರಿಲ್ಲ. ಜಡ್ಡಿಗೆ ಮಾತ್ರ ಒಯ್ಯಬೇಡಿ. ಅಕೇಶಿಯಾ ತಂದು ಬೆಟ್ಟಕ್ಕೆ ಹಾಕಿ ಏನಾಯಿತು ಅಂತ ನೋಡಿದ ಊರು ನಮ್ಮದು.

ಎಲ್ಲಿ ಹುಡುಕಬೇಕು

ಎರಡು ಗುಡ್ಡ ಕೂಡುವಲ್ಲಿ, ತೊರೆ ಇನ್ನೂ ತೊರೆ ಅನ್ನಿಸಿಕೊಳ್ಳುವ ಮೊದಲಿನ ಜಾಗ ನೋಡಿ. ತಳ ಅಗಲವಾಗಿರಬೇಕು, ಇಳಿಜಾರು ಕಾಣದಷ್ಟು ಕಡಿಮೆ ಇರಬೇಕು, ನೀರು ಒಂದೇ ಕಾಲುವೆಯಾಗಿ ಹರಿಯದೆ ಹತ್ತಾರು ಎಳೆಯಾಗಿ ಮರಗಳ ಬುಡದಲ್ಲಿ ಹಬ್ಬಿಕೊಂಡಿರಬೇಕು. ಬೇಸಿಗೆಯಲ್ಲೂ ಕೋಲು ಚುಚ್ಚಿದರೆ ಸಲೀಸಾಗಿ ಒಳಗಿಳಿದು, ಎಳೆದಾಗ ಕರೀ ಕೆಸರು ಮೆತ್ತಿಕೊಂಡು ಬರುತ್ತದೆ. ಅಂಚಿನಲ್ಲಿ ಮುಂಡಿಗೆಯ (ಕೇದಿಗೆ ಜಾತಿಯ ಮುಳ್ಳುಗಿಡದ) ಹಿಂಡಲು, ಬೆತ್ತ ಇದ್ದರೆ ಸರಿಯಾದ ಜಾಗಕ್ಕೆ ಬಂದಿದ್ದೀರಿ ಅನ್ನಬಹುದು. ಮೇಲೆ ಮರಗಳ ತಲೆ ಮುಚ್ಚಿಕೊಂಡಿರಬೇಕು. ಬಿಸಿಲು ಬೀಳುವ, ಹುಲ್ಲು ತುಂಬಿದ ಒದ್ದೆ ನೆಲ ಜಡ್ಡಿಯಲ್ಲ, ಹಡ್ಲು. ಬಿಟ್ಟ ಗದ್ದೆ ಹಡ್ಲಾಗುತ್ತದೆ. ಆ ಗದ್ದೆಯೇ ಒಂದು ಕಾಲದಲ್ಲಿ ಜಡ್ಡಿಯಾಗಿದ್ದಿರಬಹುದು, ಅದು ಬೇರೆ ಮಾತು. ನಮ್ಮ ಕಣಿವೆ ತೋಟಗಳಲ್ಲಿ ಎಷ್ಟೋ ಹಾಗೆ ಕಡಿದು ಮಾಡಿದವೇ. ತೋಟದ ಅಂಚಿನಲ್ಲಿ ಜಡ್ಡಿಯ ಮರವಾದ ಪಿಂಡಿ ಒಂಟಿಯಾಗಿ ನಿಂತಿದ್ದರೆ ಅದು ಹಳೆಯ ಜಡ್ಡಿಯ ಸಾಕ್ಷಿ ಇರಬಹುದು.

ಸ್ವಂತ ಬೆಟ್ಟದಲ್ಲಿ ಇಲ್ಲದವರು ನೋಡಬಹುದಾದ ಪ್ರಸಿದ್ಧ ಜಾಗ ಕತ್ತಲೆಕಾನು. ತಾಳಗುಪ್ಪದಿಂದ ಮಾವಿನಗುಂಡಿ ಮೇಲೆ ಹೊನ್ನಾವರಕ್ಕೆ ಹೋಗುವ ದಾರಿಯಲ್ಲಿ, ಮಲೆಮನೆ ಘಟ್ಟ ಇಳಿಯುವ ಮೊದಲು, ಸಿದ್ದಾಪುರ ತಾಲ್ಲೂಕಿನಲ್ಲಿದೆ. ಆದರೆ ಬೈಕ್ ನಿಲ್ಲಿಸಿ ಸುಮ್ಮನೆ ಒಳಗೆ ನುಗ್ಗುವ ಹಾಗಿಲ್ಲ. 2011ರಲ್ಲಿ ಆ ಪ್ರದೇಶ ಅಘನಾಶಿನಿ ಸಿಂಗಳೀಕ ಸಂರಕ್ಷಿತ ಪ್ರದೇಶಕ್ಕೆ ಸೇರಿತು. 2019ರಲ್ಲಿ ಅದನ್ನೂ ಹಳೆಯ ಶರಾವತಿ ಅಭಯಾರಣ್ಯವನ್ನೂ ಕೂಡಿಸಿ ಶರಾವತಿ ಕಣಿವೆ ಸಿಂಗಳೀಕ ಅಭಯಾರಣ್ಯ ಮಾಡಿದರು. ಅರಣ್ಯ ಇಲಾಖೆಯ ಅನುಮತಿ ತೆಗೆದುಕೊಂಡು, ಅವರ ಸಿಬ್ಬಂದಿ ಜೊತೆಯಲ್ಲೇ ಹೋಗಿ. ಅಲ್ಲಿಂದ ಒಂದು ಬೀಜ, ಒಂದು ಒಣಬೇರು ಕೂಡ ತರುವ ಹಾಗಿಲ್ಲ.

ಕತ್ತಲೆಕಾನಿಗೆ ಇಷ್ಟು ಕಾವಲು ಯಾಕೆ ಎಂದು ಕೇಳುವವರಿಗೆ ಒಂದು ಸಂಗತಿ. 2000ದಲ್ಲಿ ಅಲ್ಲಿಂದ ಗೇರಿನ ಕುಟುಂಬದ ಹೊಸ ಮರವೊಂದನ್ನು ವಿಜ್ಞಾನಿಗಳು ವಿವರಿಸಿ, ಆ ಕಾಡಿನ ಹೆಸರನ್ನೇ ಇಟ್ಟರು: ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್. ದೊಡ್ಡ ಮರ, ಜೌಗಿನಲ್ಲೇ ಬೆಳೆಯುವಂಥದ್ದು, ಗಂಡು ಬೇರೆ ಹೆಣ್ಣು ಬೇರೆ. ಲೋಕದಲ್ಲಿ ಉಳಿದಿರುವ ಬೆಳೆದ ಮರಗಳು ಬೆರಳೆಣಿಕೆಯ ಜಡ್ಡಿಗಳಲ್ಲಿ ಮಾತ್ರ. ಶಿರಸಿಯ ಅರಣ್ಯ ಕಾಲೇಜಿನವರು ಅದರ ಸಸಿ ಮಾಡುವ ಕೆಲಸ ಮಾಡಿದ್ದಾರೆ.

ಹೋಗುವಾಗ

ಡಿಸೆಂಬರಿನಿಂದ ಫೆಬ್ರವರಿ ಒಳ್ಳೆಯ ಕಾಲ. ನೀರು ಇಳಿದು ಬೇರುಗಳ ಪೂರ್ತಿ ಎತ್ತರ ಕಾಣುತ್ತದೆ, ಉಂಬಳದ (ಜಿಗಣೆಯ) ಕಾಟ ಕಡಿಮೆ. ಮಳೆಗಾಲದಲ್ಲಿ ನೋಡಲೇಬೇಕು ಅನ್ನುವವರು ಬಟ್ಟೆಯ ಉಂಬಳ ಕಾಲುಚೀಲ ಹಾಕಿಕೊಳ್ಳಿ. ಹೊಗೆಸೊಪ್ಪು ಸುಣ್ಣ ಹಚ್ಚಿಕೊಂಡು ಜಡ್ಡಿಯ ನೀರಿಗೆ ಇಳಿಯಬೇಡಿ. ಆ ನೀರಿನಲ್ಲಿ ಚರ್ಮದಿಂದಲೂ ಉಸಿರಾಡುವ ಕಪ್ಪೆಗಳಿವೆ. ಶರಾವತಿ ಕೊಳ್ಳದ ಇಂಥ ತೊರೆಗಳಲ್ಲೇ ಕುಂಬಾರ ಕಪ್ಪೆ ಇರುವುದು. ಕೆಸರು ತಂದು ಮೊಟ್ಟೆಗಳ ಮೇಲೆ ಕೈಯಾರೆ ಮೆತ್ತುವ ಈ ಕಪ್ಪೆಯನ್ನು ಹೊಸ ಜಾತಿಯೆಂದು ವಿಜ್ಞಾನಿಗಳು ವಿವರಿಸಿದ್ದು 2014ರಲ್ಲಷ್ಟೇ.

ಕಾಲಿಗೆ ಗಂಬೂಟಿಗಿಂತ ಹಳೆಯ ಕ್ಯಾನ್ವಾಸ್ ಶೂ ಉತ್ತಮ. ಕೆಸರಿನಲ್ಲಿ ಗಂಬೂಟು ಕಚ್ಚಿಕೊಂಡು ಕಾಲು ಮಾತ್ರ ಮೇಲೆ ಬರುತ್ತದೆ. ನಡೆಯುವುದು ಅಂಚಿನಲ್ಲಿ, ಕಲ್ಲಿನ ಮೇಲೆ, ಬಿದ್ದ ದಿಮ್ಮಿಯ ಮೇಲೆ. ಮಂಡಿಬೇರನ್ನು ಮೆಟ್ಟಿಲು ಮಾಡಿಕೊಳ್ಳಬೇಡಿ. ಕೈ ಇಡುವ ಮುನ್ನ ನೋಡಿ, ಗುಳಿಮಂಡಲ ಬೇರಿನ ಮೇಲೆಯೇ ಮಲಗಿರುತ್ತದೆ, ಬಣ್ಣವೂ ಹಾಗೇ. ಇನ್ನೊಂದು, ಹೊಳಗೇರು ಮರ ಯಾವುದು ಅಂತ ಗೊತ್ತಿರುವವರನ್ನು ಜೊತೆಗೆ ಕರೆದುಕೊಳ್ಳಿ. ಅದರ ಸೊನೆ ತಾಗಿದರೆ ಮೈ ಬೊಬ್ಬೆ ಏಳುತ್ತದೆ, ವಾರಗಟ್ಟಲೆ ಗೋಳು.

ಯಾವ ಬೇರು ಯಾವುದು

ಜಡ್ಡಿಯಲ್ಲಿ ಎದ್ದ ಬೇರೆಲ್ಲ ಮಂಡಿಬೇರಲ್ಲ. ಎರಡು ಬಗೆಗಳನ್ನು ಮೊದಲು ಬೇರ್ಪಡಿಸಿಕೊಳ್ಳಿ.

ಕಾಂಡದಿಂದಲೇ ಹೊರಟು, ಗಾಳಿಯಲ್ಲಿ ಬಾಗಿ ಬಂದು ಕೆಸರಿಗೆ ಇಳಿದಿದ್ದರೆ ಅದು ಊರುಗೋಲು ಬೇರು. ಹೀಗೆ ದಪ್ಪ ದಪ್ಪ ಬೇರುಗಳ ಮೇಲೆ ಎತ್ತಿ ನಿಲ್ಲಿಸಿದಂತಿರುವ ಮರ ಮಿರಿಸ್ಟಿಕಾ ಮ್ಯಾಗ್ನಿಫಿಕಾ, ಜಾಯಿಕಾಯಿಯ ಕಾಡು ಸಂಬಂಧಿ. ಎಲೆ ಮೊಳದುದ್ದ ಆಗುವುದುಂಟು. ಎಳೆ ಟೊಂಗೆ, ಕಾಯಿ ಎರಡರ ಮೇಲೂ ತುಕ್ಕು ಬಣ್ಣದ ರೋಮ. ಬೇರಿನ ಕಮಾನಿನ ಕೆಳಗೆ ಮಕ್ಕಳು ನುಸುಳಿ ಆಚೆ ಹೋಗಬಹುದು.

ನೆಲದಡಿಯ ಬೇರು ಮರದಿಂದ ದೂರದಲ್ಲಿ ಕೆಸರಿನಿಂದ ಮೇಲೆದ್ದು, ಬಾಗಿ, ಮತ್ತೆ ಕೆಸರಿಗೇ ಇಳಿದಿದ್ದರೆ ಅದು ಮಂಡಿಬೇರು. ಇದರ ಮುಖ್ಯ ಒಡೆಯ ಪಿಂಡಿ, ಜಿಮ್ನಕ್ರಾಂತೆರಾ ಕೆನರಿಕಾ. ಎಲೆ ತಿರುಗಿಸಿ ನೋಡಿದರೆ ಅಡಿಭಾಗ ಬೂದಿ ಸವರಿದ ಹಾಗೆ ಬೆಳ್ಳಗಿರುತ್ತದೆ. ಕಾಯಿ ಸಣ್ಣದು, ಗುಂಡಗೆ, ಗೊಂಚಲಿನಲ್ಲಿ. ಬಲಪಾಲೆ ಎಂಬ ಬೇರೆ ಬಳಗದ ಮರಕ್ಕೂ ಇಂಥ ಮಂಡಿ ಏಳುವುದುಂಟು. ಅನುಮಾನ ಬಂದರೆ ಗಾಳಿಗೆ ಮುರಿದು ಬಿದ್ದ ಹಸಿ ಟೊಂಗೆ ಹುಡುಕಿ, ಮುರಿದ ಬಾಯಿ ನೋಡಿ. ಜಾಯಿಕಾಯಿಯ ಬಳಗದ್ದಾದರೆ ಅಲ್ಲಿ ಕೆಂಪು ರಸ ಒಸರಿರುತ್ತದೆ. ಬಲಪಾಲೆಯಲ್ಲಿ ಆ ರಕ್ತ ಇಲ್ಲ. ಇದನ್ನು ನೋಡಲಿಕ್ಕೆ ನಿಂತ ಮರಕ್ಕೆ ಕತ್ತಿ ಹಾಕುವ ಅಗತ್ಯ ಯಾವತ್ತೂ ಬೀಳುವುದಿಲ್ಲ.

ಸೈಪ್ರೆಸ್ಸಿಗೂ ನಮ್ಮ ಪಿಂಡಿಗೂ ವ್ಯತ್ಯಾಸ ಇರುವುದು ಇಲ್ಲಿ. ಸೈಪ್ರೆಸ್ ಮಂಡಿ ಬೇರಿನ ಬೆನ್ನಿನ ಮೇಲೆ ಬೆಳೆದ ಗಂಟು. ಪಿಂಡಿಯಲ್ಲಿ ಬೇರೇ ಮೇಲೆ ಬಂದು ಹೋಗಿರುತ್ತದೆ. ಎರಡಕ್ಕೂ ನೆಂಟಸ್ತಿಕೆ ಏನೇನೂ ಇಲ್ಲ, ಒಂದು ಪೈನ್ ಕಡೆಯದು, ಇನ್ನೊಂದು ಜಾಯಿಕಾಯಿ ಕಡೆಯದು. ಕೆಸರಿನ ಕಷ್ಟ ಮಾತ್ರ ಒಂದೇ: ನೀರು ತುಂಬಿದ ಮಣ್ಣಿನಲ್ಲಿ ಗಾಳಿಗೆ ಜಾಗವಿಲ್ಲ, ಬೇರಿಗೆ ಗಾಳಿ ಬೇಕು.

ಒಂದು ಮಂಡಿಯ ಹತ್ತಿರ ಕುಕ್ಕರಗಾಲಿನಲ್ಲಿ ಕೂತು ನೋಡಿ. ಕೆಳಗಿನ ಭಾಗ ಕೆಸರು ಒಣಗಿ ಕಪ್ಪು. ಅದರ ಮೇಲೆ ಹಾವಸೆಯ ಹಸಿರು ಪಟ್ಟಿ. ನೆತ್ತಿಯ ಹತ್ತಿರ ತೊಗಟೆ ಬಿರುಕು ಬಿರುಕು, ಅದರಲ್ಲಿ ಸಾಸಿವೆ ಗಾತ್ರದ ತಿಳಿಕಂದು ಚುಕ್ಕೆಗಳು, ಬೆರಳಾಡಿಸಿದರೆ ತರಿ ತರಿ. ಅವೇ ಗಾಳಿಕಂಡಿಗಳು. ಒಳಗೆ ಬೆಂಡಿನಂಥ ಪೊಳ್ಳು ಅಂಗಾಂಶದ ಮೂಲಕ ಗಾಳಿ ಕೆಸರಿನಡಿಯ ಬೇರಿಗೆ ಹೋಗುತ್ತದೆ.

ಮಂಡಿಯನ್ನು ಓದುವುದು

ಇದು ನನಗೆ ಎಲ್ಲಕ್ಕಿಂತ ಮುಖ್ಯ. ಮಂಡಿಬೇರು ನೋಡಲು ಚೆಂದ ಅನ್ನುವುದು ಇರಲಿ, ತೋಟದವರಿಗೆ ಅದು ನೀರಿನ ಲೆಕ್ಕದ ಪುಸ್ತಕ. ಜಡ್ಡಿಯ ಕೆಳಗಿರುವ ಅಬ್ಬಿ (ತೋಟಕ್ಕೆ ಹರಿದು ಬರುವ ನೀರು) ಯುಗಾದಿವರೆಗೆ ಬರುತ್ತದೋ, ಶಿವರಾತ್ರಿಗೇ ಕೈಕೊಡುತ್ತದೋ ಅನ್ನುವುದು ಮೇಲಿನ ಆ ಕೆಸರಿನ ಆರೋಗ್ಯದ ಮೇಲಿದೆ. ಆ ಆರೋಗ್ಯ ಮಂಡಿಯ ಮೇಲೆ ಕಾಣುತ್ತದೆ.

ಬೇಕಾದ ಸಾಮಾನು ಕಡಿಮೆ. ಒಂದು ಬಿದಿರು ಕೋಲು, ಅದಕ್ಕೆ ಬಣ್ಣದಿಂದ ಅರ್ಧರ್ಧ ಅಡಿಯ ಗೆರೆ. ಒಂದು ಟೇಪು. ನೋಟ್ ಬುಕ್ಕು. ಜಡ್ಡಿಯ ಮೇಲ್ಗಡೆ, ನಡುವೆ, ಕೆಳಗೆ ನೀರು ಹೊರಬೀಳುವ ಬಾಯಿಯ ಹತ್ತಿರ, ಹೀಗೆ ಬೇರೆ ಬೇರೆ ಕಡೆ ಕೆಲವು ಮಂಡಿಗಳನ್ನು ಆರಿಸಿಕೊಳ್ಳಿ. ಮೊಳೆ ಹೊಡೆಯಬೇಡಿ, ಬಣ್ಣ ಬಳಿಯಬೇಡಿ. ಪಕ್ಕದಲ್ಲಿ ಗೂಟ ನೆಟ್ಟು ಗುರುತು ಮಾಡಿದರೆ ಸಾಕು. ಪ್ರತಿ ಮಂಡಿಗೂ ಕೆಸರಿನಿಂದ ನೆತ್ತಿಯವರೆಗಿನ ಎತ್ತರ, ಹಾವಸೆ ಗೆರೆಯ ಎತ್ತರ, ಆವತ್ತಿನ ನೀರಿನ ಮಟ್ಟ, ಮೂರನ್ನೂ ಬರೆದಿಡಿ. ಪುನರ್ವಸು ಮಳೆಯ ಅಬ್ಬರದಲ್ಲಿ ಒಮ್ಮೆ, ದೀಪಾವಳಿಗೆ ಒಮ್ಮೆ, ಶಿವರಾತ್ರಿಗೆ ಒಮ್ಮೆ, ಮೃಗಶಿರಕ್ಕೆ ಮುಂಚೆ ಒಮ್ಮೆ ಅಳೆದರೆ ವರ್ಷದ ಚಿತ್ರ ಕೈಗೆ ಬರುತ್ತದೆ.

ಹೀಗೆ ಓದಿ: ಜೋರು ಮಳೆಯಲ್ಲೂ ನೆತ್ತಿ ನೀರಿನ ಮೇಲಿದ್ದು, ಬೇಸಿಗೆಯ ಕೊನೆಯಲ್ಲೂ ಬುಡದಲ್ಲಿ ಕೆಸರು ಒದ್ದೆ ಇದ್ದರೆ ಜಡ್ಡಿ ಚೆನ್ನಾಗಿದೆ, ನೀವು ಮಾಡುವ ಕೆಲಸ ಏನೂ ಇಲ್ಲ. ಎದ್ದು ಮನೆಗೆ ಬನ್ನಿ.

ಮಂಡಿ ವರ್ಷದಿಂದ ವರ್ಷಕ್ಕೆ ಎತ್ತರವಾದ ಹಾಗೆ ಕಂಡರೆ ಖುಷಿಪಡಬೇಡಿ. ಬೇರು ಅಷ್ಟು ಬೇಗ ಬೆಳೆಯುವುದಿಲ್ಲ, ನೆಲ ಇಳಿದಿದೆ. ಕಮಾನಿನ ಕೆಳಗೆ ಕೈ ತೂರುವಷ್ಟು ಕಿಂಡಿ ಬಿದ್ದಿದ್ದು, ಸಣ್ಣ ಬೇರುಗಳು ಬೆತ್ತಲೆ ನೇತಾಡುತ್ತಿದ್ದರೆ ಕೆಸರು ಕೊಚ್ಚಿ ಹೋಗುತ್ತಿದೆ ಅಂತ ಅರ್ಥ. ಹಬ್ಬಿ ಹರಿಯಬೇಕಾದ ನೀರು ಒಂದೇ ಕಡೆ ಕೊರೆಯತೊಡಗಿದೆ. ಕಾರಣ ಸಾಮಾನ್ಯವಾಗಿ ಕೆಳಗಿರುತ್ತದೆ: ಯಾರೋ ಬಾಯಿ ಅಗೆದಿರುತ್ತಾರೆ.

ತದ್ವಿರುದ್ಧವಾಗಿ ಮಂಡಿ ಗಿಡ್ಡವಾಗುತ್ತಾ ಬಂದರೆ ಹೂಳು ತುಂಬುತ್ತಿದೆ. ಕೆಸರಿನ ಬಣ್ಣ ನೋಡಿ. ಕಪ್ಪಿನ ಮೇಲೆ ಕೆಂಪು ಮಣ್ಣಿನ ಪದರ ಕೂತಿದ್ದರೆ ಕಾರಣ ಮೇಲಿದೆ. ಜೆಸಿಬಿ ಬಿಟ್ಟು ಮಾಡಿದ ಬೆಟ್ಟದ ರಸ್ತೆ, ಅಥವಾ ದರಕು (ಉದುರಿದ ಒಣ ಎಲೆ) ಒಟ್ಟಿ ಒಟ್ಟಿ ಬರಿಮಣ್ಣಾದ ಇಳಿಜಾರು. ಗಾಳಿಕಂಡಿಗಳ ಮೇಲೆ ಮಣ್ಣು ಕೂತರೆ ಬೇರಿನ ಮೂಗು ಮುಚ್ಚಿದಂತೆಯೇ.

ಮೂರನೆಯದು, ಸದ್ದು. ಕೋಲಿನಿಂದ ಮೆಲ್ಲಗೆ ತಟ್ಟಿ. ಜೀವಂತ ಮಂಡಿ ದಪ್ಪ ಸದ್ದು ಕೊಡುತ್ತದೆ. ಬೂದು ಬಣ್ಣಕ್ಕೆ ತಿರುಗಿ, ತೊಗಟೆ ಕಳಚಿ, ಟೊಳ್ಳು ಸದ್ದು ಬಂದರೆ ಅದು ಸತ್ತಿದೆ. ಅಲ್ಲೊಂದು ಇಲ್ಲೊಂದು ಸತ್ತಿರುವುದು ಸಹಜ. ಒಂದೇ ಪಟ್ಟೆಯಲ್ಲಿ ಎಲ್ಲವೂ ಸತ್ತಿದ್ದರೆ ಅಲ್ಲಿ ನೀರು ಒಂದೋ ಪೂರ್ತಿ ಹೋಗಿದೆ, ಇಲ್ಲವೇ ಇಳಿಯದೆ ನಿಂತಿದೆ.

ನೀರಿನ ಕೆಲಸ

ನೀರು ನಿಂತ ಕಡೆ ಬಸಿಗಾಲುವೆ ತೆಗೆಯುವುದು ಅಡಿಕೆ ಬೆಳೆಗಾರರ ಕೈಗೆ ಅಂಟಿದ ಅಭ್ಯಾಸ. ತೋಟದಲ್ಲಿ ಅದು ಸರಿಯೇ, ನೀರು ನಿಂತರೆ ಅಡಿಕೆಯ ಬೇರು ಕೊಳೆಯುತ್ತದೆ. ಅದೇ ಗುದ್ದಲಿ ಹಿಡಿದುಕೊಂಡು ಜಡ್ಡಿಯವರೆಗೆ ಹೋಗಬಾರದು ಅಷ್ಟೇ. ಜಡ್ಡಿಯ ಬಾಯಿಯಲ್ಲಿ ಎರಡಡಿ ಅಗೆದರೆ ಆ ಕೊರಕಲು ಮಳೆಗಾಲ ಮಳೆಗಾಲಕ್ಕೂ ಮೇಲಕ್ಕೆ ತಿನ್ನುತ್ತಾ ಹೋಗುತ್ತದೆ. ತೋಟದ ಮೇಲಿನ ಕೊನೆಯ ಬಸಿಗಾಲುವೆಗೂ ಜಡ್ಡಿಯ ಮೊದಲ ಮಂಡಿಗೂ ನಡುವೆ ಗುದ್ದಲಿ ತಾಗದ ಪಟ್ಟೆ ಒಂದಿರಲಿ, ಅಲ್ಲಿ ಮುಂಡಿಗೆ ಬೆಳೆಯಲಿ. ಅದರ ಬೇರಿನ ಹಿಡಿತದ ಮುಂದೆ ಕಲ್ಲು ಕಟ್ಟಿದ ಗೋಡೆಯೂ ಕಡಿಮೆಯೇ.

ಈಗಾಗಲೇ ಕೊರೆದಿದ್ದರೆ ಮುಚ್ಚುವುದು ಹೀಗೆ. ಕೊರಕಲಿನ ಮೇಲ್ತುದಿಯಲ್ಲಿ, ಅಂದರೆ ನೀರು ಈಗ ಹೊಸದಾಗಿ ತಿನ್ನುತ್ತಿರುವ ಕಡೆ, ಬಿದ್ದ ಟೊಂಗೆಗಳನ್ನು ಹರಿವಿಗೆ ಅಡ್ಡ ಹಾಕಿ ಗೂಟ ಬಡಿದು ನಿಲ್ಲಿಸಿ. ಸಂದಿಗೆ ದರಕು, ಸೊಪ್ಪು. ಎತ್ತರ ಮೊಣಕಾಲಿಗಿಂತ ಹೆಚ್ಚು ಬೇಡ. ಸ್ವಲ್ಪ ಕೆಳಗೆ ಇನ್ನೊಂದು, ಅದರ ಕೆಳಗೆ ಮತ್ತೊಂದು. ನೀರು ಅದರೊಳಗಿಂದ ಸೋರಿ ಹೋಗಬೇಕು, ನಿಲ್ಲಬಾರದು. ಒಂದು ಮಳೆಗಾಲ ಕಳೆದ ಮೇಲೆ ಹಿಂದೆ ಕೆಸರು ಕೂತಿರುವುದು ಕಾಣುತ್ತದೆ. ಕೆಲಸ ದೀಪಾವಳಿ ಕಳೆದ ಮೇಲೆ ಮಾಡಿ. ಸೊಪ್ಪಿನಬೆಟ್ಟದ ನೆಲ ಸರ್ಕಾರದ್ದು, ನಮಗಿರುವುದು ಸೊಪ್ಪಿನ ಹಕ್ಕು ಮಾತ್ರ. ಆದ್ದರಿಂದ ಫಾರೆಸ್ಟಿನವರಿಗೆ ಮೊದಲೇ ತಿಳಿಸಿ.

ನೀರು ಉಳಿಸುವ ಉತ್ಸಾಹದಲ್ಲಿ ಸಿಮೆಂಟ್ ಕಟ್ಟೆ ಕಟ್ಟುವವರಿದ್ದಾರೆ, ಅವರಿಂದ ಜಡ್ಡಿಗೆ ಬಸಿಗಾಲುವೆಯವರಿಗಿಂತ ಹೆಚ್ಚು ಹಾನಿ. ಒಂದು ಊರಿನಲ್ಲಿ ಯಾವುದೋ ಯೋಜನೆಯ ದುಡ್ಡು ಬಂತೆಂದು ಜಡ್ಡಿಯ ಬಾಯಿಗೇ ಚೆಕ್ ಡ್ಯಾಂ ಕಟ್ಟಿದರು. ಉದ್ಘಾಟನೆಯ ದಿನ ನೀರು ಕನ್ನಡಿಯ ಹಾಗೆ ನಿಂತಿತ್ತು, ಎಲ್ಲರೂ ಫೋಟೊ ತೆಗೆಸಿಕೊಂಡರು. ಮಂಡಿಗಳೆಲ್ಲ ಆ ನೀರಿನ ಅಡಿಯಲ್ಲಿದ್ದವು. ಕೆಲವು ವರ್ಷಗಳಲ್ಲಿ ಪಿಂಡಿ ಮರಗಳ ತಲೆ ಒಣಗತೊಡಗಿತು. ಜಡ್ಡಿಯ ಮರ ನೀರಿನಲ್ಲಿ ಬದುಕುತ್ತದೆ ಅನ್ನುವುದು ಅರ್ಧ ಸತ್ಯ. ಅದು ಏರಿ ಇಳಿಯುವ ನೀರಿನಲ್ಲಿ ಬದುಕುತ್ತದೆ. ಸೈಪ್ರೆಸ್ಸಿನ ಮಂಡಿಗಳೂ ನೀರು ಏರಿಳಿಯುವ ಕಡೆ ಚೆನ್ನಾಗಿ ಎದ್ದು, ಸದಾ ಆಳದ ನೀರಿರುವ ಕಡೆ ಕಡಿಮೆಯಾಗುತ್ತವೆ ಎಂಬುದನ್ನು ಅಲ್ಲಿನವರೂ ಗಮನಿಸಿದ್ದಾರೆ. ಇಂಗುಗುಂಡಿ, ಕೃಷಿಹೊಂಡ ಯಾವುದಿದ್ದರೂ ಜಡ್ಡಿಯ ಹೊರಗೆ, ಒಣ ಇಳಿಜಾರಿನಲ್ಲಿ ಮಾಡಿ.

ಒಣಗಿದ ಮಂಡಿಯನ್ನು ಕತ್ತರಿಸಿ ತಂದು ಪಾಲಿಶ್ ಹೊಡೆದು ಶೋಕೇಸಿಗೆ ಇಡುವ ಹುಚ್ಚು ಅಮೆರಿಕದಲ್ಲಿ ಜೋರಾಗಿದೆ, ದೀಪದ ಕಂಬ, ಗಡಿಯಾರ ಎಲ್ಲ ಮಾಡಿ ಮಾರುತ್ತಾರೆ. ನಮ್ಮಲ್ಲೂ ಬೇರಿನ ಕಲೆ ಎಂದು ಹುಡುಕಿಕೊಂಡು ಬರುವವರಿದ್ದಾರೆ. ಜಡ್ಡಿಯೊಳಗೆ ಸತ್ತ ಮಂಡಿಯೂ ಕೆಸರನ್ನು ಹಿಡಿದು ನಿಲ್ಲಿಸಿರುತ್ತದೆ. ಕೇಳಿದವರಿಗೆ ಇಲ್ಲ ಅಂದುಬಿಡಿ.

ಬೀಜ, ಸಸಿ, ನಾಟಿ

ಬೇಸಿಗೆಯ ಕೊನೆಯಿಂದ ಮೊದಲ ಮಳೆಯವರೆಗೆ ಮರದಡಿ ಆಗಾಗ ಹೋಗಿ ನೋಡುತ್ತಿರಿ. ಸಿಪ್ಪೆ ಎರಡು ಹೋಳಾಗಿ ಬಿರಿದು, ಒಳಗೆ ಕೆಂಪು ಪತ್ರೆ ಸುತ್ತಿಕೊಂಡ ಬೀಜ ಬಿದ್ದಿರುತ್ತದೆ. ಬಿದ್ದದ್ದನ್ನು ಮಾತ್ರ ಆರಿಸಿ, ಅದರಲ್ಲೂ ಸ್ವಲ್ಪ. ಮಂಗಟ್ಟೆ, ಸಿಂಗಳೀಕಗಳಿಗೆ ಆ ಪತ್ರೆಯೇ ಊಟ, ಅವು ಒಯ್ದು ಹಾಕಿದ ಬೀಜವೇ ಇನ್ನೊಂದು ಜಡ್ಡಿಯ ಮರ. ರಾಂಪತ್ರೆಗೆ ಬೆಲೆ ಇದೆಯೆಂದು ಹಸಿ ಕಾಯಿಗೆ ಟೊಂಗೆಯನ್ನೇ ಕಡಿದು ಕೆಡವುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಮುಂದಿನ ವರ್ಷದ ಫಸಲೂ ಅದೇ ಟೊಂಗೆಯಲ್ಲಿತ್ತು.

ಈ ಬೀಜಗಳನ್ನು ಒಣಗಿಸಿ ಡಬ್ಬಿಗೆ ಹಾಕಿಡುವಂತಿಲ್ಲ. ಒಣಗಿದರೆ ಜೀವ ಹೋಯಿತು. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ. ಗಟಕು ಕುಗ್ಗಿ ಚಿಪ್ಪಿನೊಳಗೆ ಲೊಟಲೊಟ ಅಂದರೆ ಬಿಸಾಡಿ. ತಂದ ದಿನವೇ ಪತ್ರೆ ಬಿಡಿಸಿ, ತೊಳೆದು, ಒದ್ದೆ ಮರಳಿನಲ್ಲಿ ಅಡ್ಡ ಮಲಗಿಸಿ, ಬೀಜ ಮುಚ್ಚುವಷ್ಟು ಮರಳು, ಅದರ ಮೇಲೆ ದರಕು. ದಟ್ಟ ನೆರಳು ಬೇಕು. ಮೊಳಕೆ ಒಟ್ಟಿಗೆ ಬರುವುದಿಲ್ಲ. ಒಂದು ತಲೆ ಎತ್ತಿದ ಎಷ್ಟೋ ದಿನಕ್ಕೆ ಇನ್ನೊಂದು. ಬರಲಿಲ್ಲ ಎಂದು ಮರಳು ಕೆದಕಿ ನೋಡುವ ಚಟ ಬೇಡ. ಮೊದಲು ತಾಯಿಬೇರು ಉದ್ದಕ್ಕೆ ಇಳಿಯುವುದರಿಂದ ಚೀಲ ಅಡಿಯುದ್ದದ್ದೇ ಇರಲಿ. ಎಲೆ ನಾಲ್ಕಾರು ಬರುವವರೆಗೆ ನೀರು ಬಸಿಯುವ ಹಾಗಿಡಿ. ಆಮೇಲೆ ಚೀಲಗಳನ್ನು ಎರಡು ಬೆರಳು ನೀರಿರುವ ತೊಟ್ಟಿಯಲ್ಲಿ ನಿಲ್ಲಿಸುತ್ತೇನೆ, ವಾರದಲ್ಲಿ ಒಂದೆರಡು ದಿನ ನೀರು ಬಸಿದು ಬಿಡುತ್ತೇನೆ. ಜಡ್ಡಿಯಲ್ಲಿ ಆಗುವುದೂ ಅದೇ ತಾನೆ.

ಪಿಂಡಿ ಸಸಿಯ ಮೇಲೆ ಜಾಯಿಕಾಯಿ ಕಸಿ ಕಟ್ಟಬಹುದೇ ಎಂದು ತೋಟದವರು ಕೇಳುತ್ತಾರೆ. ಜಾಯಿಕಾಯಿಯ ಮೊಳಕೆ ಕಸಿಗೆ ಬಳಸುವುದು ರಾಂಪತ್ರೆಯಂಥ ಮಿರಿಸ್ಟಿಕಾ ಕುಲದ ಸಸಿಗಳನ್ನು. ಪಿಂಡಿ ಬೇರೆ ಕುಲದ್ದು, ಅದನ್ನು ಜಡ್ಡಿಗೆ ಬಿಡಿ.

ನಾಟಿಗೆ ನಮ್ಮ ಮಾಮೂಲಿ ಆರಿದ್ರಾ ಮಳೆ ಇಲ್ಲಿ ನಡೆಯುವುದಿಲ್ಲ. ಆರಿದ್ರಾದಲ್ಲಿ ನೆಟ್ಟದ್ದನ್ನು ಪುನರ್ವಸು, ಪುಷ್ಯದ ನೆರೆ ಕಿತ್ತುಕೊಂಡು ಹೋಗುತ್ತದೆ. ಎರಡನೇ ವರ್ಷದ ಸಸಿಯನ್ನು ಮಘೆ ಕಳೆದು ನೀರು ಇಳಿಯತೊಡಗಿದಾಗ ನೆಡಿ. ಗುಂಡಿಯ ನಡುವೆ ಬೇಡ. ಮಂಡಿಬೇರುಗಳ ಸುತ್ತ ಕೆಸರು ಕೂತು ಆದ ಸಣ್ಣ ದಿಬ್ಬಗಳಿರುತ್ತವೆ, ಬುಡ ಅಲ್ಲಿರಲಿ, ಬೇರು ಒದ್ದೆಗೆ ತಾನೇ ಇಳಿಯುತ್ತದೆ. ಗಂಡು ಹೆಣ್ಣು ಬೇರೆ ಬೇರೆ ಮರವಾಗಿ ಬೆಳೆಯುವ ಜಾತಿಗಳಿವು, ಹೂ ಬಿಡುವವರೆಗೆ ಯಾವುದು ಯಾವುದು ಅಂತ ತಿಳಿಯುವುದಿಲ್ಲ. ಅದಕ್ಕಾಗಿ ಒಂಟಿ ಗಿಡ ಹಾಕದೆ ಐದಾರರ ಗುಂಪು ಮಾಡಿ. ಮಂಡಿ ಏಳುವುದನ್ನು ಈಗಲೇ ಕಾಯುತ್ತಾ ಕೂರಬೇಡಿ, ಅದಕ್ಕೆ ಮರ ಬಲಿಯಬೇಕು.

ಬಿಸಿಲು ಬೀಳುವಷ್ಟು ಜಡ್ಡಿ ತೆರೆದುಕೊಂಡಿದ್ದರೆ ಮೊದಲ ವರ್ಷ ಮುಂಡಿಗೆ, ಅಂಚಿಗೆ ಬೇಗ ಬೆ‌ಳೆಯುವ ಸ್ಥಳೀಯ ಮರ. ಪಿಂಡಿ ಆಮೇಲೆ, ನೆರಳು ಬಂದ ಮೇಲೆ. ದನ ಬರುವ ದಾರಿಗೆ ಅಡ್ಡ ಬೇಲಿ. ಮತ್ತೆ, ಸೊಪ್ಪು ಕಡಿಯಲು ಬರುವ ಆಳಿಗೆ ಪ್ರತಿ ಗಿಡವನ್ನೂ ಕೈಯಿಂದ ಮುಟ್ಟಿ ತೋರಿಸಿ, ಗೂಟಕ್ಕೆ ಕೆಂಪು ಬಟ್ಟೆ ಕಟ್ಟಿ. ದನಕ್ಕಿಂತ ಕತ್ತಿಯ ಬಾಯಿಗೆ ಹೋದ ಸಸಿಗಳೇ ನನ್ನ ಲೆಕ್ಕದಲ್ಲಿ ಹೆಚ್ಚು.